ದರಕು ಕಸವಲ್ಲ, ಬೆಟ್ಟದ ಆಹಾರ

ಚಳಿ ಕಳೆದು ಬಿಸಿಲೇರುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸೊಪ್ಪಿನ ಬೆಟ್ಟಗಳಲ್ಲಿ ದರಕು ಗುಡಿಸುವ ಕೆಲಸ ಆರಂಭವಾಗುತ್ತದೆ. ಮತ್ತಿ, ಹೊನ್ನೆ, ನಂದಿ, ಕಿಂದಳ ಮರಗಳು ಉದುರಿಸಿದ ಎಲೆ ಕೊಟ್ಟಿಗೆಗೆ ಹಾಸಾಗಿ, ಸೆಗಣಿ-ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕೊಳೆತು ಅಡಿಕೆ ಮರದ ಬುಡವನ್ನು ತಲುಪುತ್ತದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಸೌಲಭ್ಯ ದೊರೆತದ್ದು ಇದಕ್ಕಾಗಿಯೇ. ತೋಟಕ್ಕೆ ಗೊಬ್ಬರ ಕೊಡುವುದು ಬೆಟ್ಟವೆಂಬುದು ಎಲ್ಲರೂ ಬಲ್ಲ ಸಂಗತಿ. ಬೆಟ್ಟಕ್ಕೆ ಗೊಬ್ಬರ ಕೊಡುವವರು ಯಾರೆಂದು ಕೇಳಿದವರು ವಿರಳ.

ಉತ್ತರ ಆ ದರಕಿನಲ್ಲಿಯೇ ಇದೆ. ಬಿದ್ದ ಎಲೆಯನ್ನು ಗೆದ್ದಲು, ಎರೆಹುಳು, ಸಹಸ್ರಪದಿಗಳು ತುಂಡರಿಸುತ್ತವೆ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ. ಎಲೆಯಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಸಿಯಂ, ಸುಣ್ಣದ ಅಂಶಗಳು ಬಿಡುಗಡೆಯಾಗಿ ಬೇರಿನ ಮೂಲಕ ಮತ್ತೆ ಮರವನ್ನೇರುತ್ತವೆ. ಭಾರಿ ಮಳೆ ಸುರಿಯುವ ಈ ಜಂಬಿಟ್ಟಿಗೆ ಮಣ್ಣಿನ ಸೀಮೆಯಲ್ಲಿ ಕರಗಿದ ಪೋಷಕಾಂಶಗಳು ಬೇಗನೆ ನೀರಿನೊಂದಿಗೆ ಹೊಳೆ ಸೇರುತ್ತವೆ. ಆದ್ದರಿಂದ ಕಾಡಿನ ಸಂಪತ್ತಿನ ಬಹುಪಾಲು ಇರುವುದು ಮರದ ಮೈಯಲ್ಲಿ ಹಾಗೂ ನೆಲದ ತೆಳುವಾದ ಮೇಲ್ಪದರದಲ್ಲಿ.

ಕಳೆದುಕೊಂಡ ಎಲ್ಲ ಅಂಶಗಳೂ ಒಂದೇ ಬಗೆಯಲ್ಲಿ ಮರಳುವುದಿಲ್ಲ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ, ದ್ವಿದಳ ಜಾತಿಯ ಅನೇಕ ಸಸ್ಯಗಳ ಬೇರುಗಂಟಿನ ಜೀವಾಣುಗಳು ಅದನ್ನು ಹಿಡಿದು ಕೊಡಬಲ್ಲವು. ರಂಜಕಕ್ಕೆ ಅಂಥ ದಾರಿಯಿಲ್ಲ. ಅದು ಮುಖ್ಯವಾಗಿ ಶಿಲೆ ಸವೆದು ನಿಧಾನವಾಗಿ ಬರಬೇಕು. ಬಂದದ್ದನ್ನೂ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಕೊಳೆಯುವ ಎಲೆಯ ರಂಜಕವೇ ಇಲ್ಲಿನ ಮರಗಳಿಗೆ ದೊಡ್ಡ ಆಸರೆ. ಪ್ರತಿವರ್ಷ ನೆಲ ಕಾಣುವಂತೆ ಗುಡಿಸಿದರೆ ಬೆಟ್ಟ ಕೊಡುತ್ತಲೇ ಹೋಗುತ್ತದೆ, ಪಡೆಯುವುದು ಏನೂ ಇಲ್ಲ.

ಬೆಂಕಿಯದು ಇನ್ನೂ ದೊಡ್ಡ ನಷ್ಟ. ಬೂದಿ ಗೊಬ್ಬರವೆಂಬ ಮಾತು ಅರ್ಧಸತ್ಯ. ಉರಿದ ಎಲೆಯ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಇಳಿಜಾರಿನಲ್ಲಿ ಉಳಿದ ಬೂದಿಯನ್ನು ಮೊದಲ ಮಳೆಗಳೇ ಕೊಚ್ಚಿ ಒಯ್ಯುತ್ತವೆ. ಹೊದಿಕೆ ಕಳೆದುಕೊಂಡ ನೆಲ ಹನಿಗಳ ಹೊಡೆತಕ್ಕೆ ಗಟ್ಟಿಯಾಗಿ, ನೀರು ಇಂಗುವುದು ತಗ್ಗುತ್ತದೆ. ಬೋಳುಬೆಟ್ಟದ ಕೆಳಗಿನ ತೋಟಕ್ಕೆ ಗೊಬ್ಬರದ ಜೊತೆಗೆ ಬೇಸಿಗೆಯ ನೀರಿನ ಕೊರತೆಯೂ ಎದುರಾಗುತ್ತದೆ.

ಹಾಗೆಂದು ದರಕು ತರುವುದನ್ನೇ ನಿಲ್ಲಿಸಬೇಕೆಂದರೆ ಅದು ತೋಟಿಗರಿಗೆ ಮಾಡುವ ಅನ್ಯಾಯ. ಬೆಟ್ಟವನ್ನು ಭಾಗಗಳಾಗಿ ವಿಂಗಡಿಸಿ ಸರದಿಯಂತೆ ಗುಡಿಸಬಹುದು. ಗುಡಿಸುವಲ್ಲಿಯೂ ಒಂದು ಪಾಲು ಎಲೆಯನ್ನು ಮರದ ಬುಡದಲ್ಲಿ ಬಿಡಬಹುದು. ಬೇಸಿಗೆಗೆ ಮುನ್ನ ಊರವರು ಕೂಡಿ ಬೆಂಕಿಗೆರೆ ತೆಗೆಯಬಹುದು. ರಸ್ತೆಯಂಚಿನಲ್ಲಿ ರಾಶಿ ಬೀಳುವ ಅಡಿಕೆ ಸಿಪ್ಪೆಯನ್ನು ಸೆಗಣಿಯೊಡನೆ ಕೊಳೆಸಿ ತೋಟಕ್ಕೇ ಮರಳಿಸಿದರೆ ಬೆಟ್ಟದ ಮೇಲಿನ ಹೊರೆ ಅಷ್ಟು ಇಳಿಯುತ್ತದೆ. ಬೋಳಾದ ಜಾಗದಲ್ಲಿ ಅಕೇಶಿಯಾದಂಥ ಒಂದೇ ಜಾತಿಯ ನೆಡುತೋಪಿನ ಬದಲು ಊರಿನ ಮರಗಳ ಮಿಶ್ರ ಕಾಡು ಬೆಳೆಯಬೇಕು.

ವಿದ್ಯಾರ್ಥಿಗಳು ಗುಡಿಸಿದ ಮತ್ತು ಗುಡಿಸದ ನೆಲದಲ್ಲಿ ತಲಾ ಒಂದು ಚದರ ಮೀಟರ್ ಗುರುತಿಸಿ, ಮಳೆಗಾಲದ ಕೊನೆಗೆ ಅಲ್ಲಿನ ಸಸಿಗಳನ್ನೂ ಎರೆಹುಳುಗಳನ್ನೂ ಎಣಿಸಲಿ. ಆ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ. ಮುಂದಿನ ಬೇಸಿಗೆಯಲ್ಲಿ ಎಷ್ಟು ಎಲೆ ತರಬೇಕು, ಎಷ್ಟು ಬಿಡಬೇಕು ಎಂಬುದನ್ನು ಊರೇ ತೀರ್ಮಾನಿಸಲಿ.