ಉಳುಕೆಂದು ನೀವಿಸುವ ಮೊದಲು

ಆಟವಾಡುತ್ತ ಬಿದ್ದ ಹುಡುಗ ಮೊಣಕೈ ಹಿಡಿದುಕೊಂಡು ಅಳುತ್ತ ಮನೆಗೆ ಬಂದರೆ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಹಿರಿಯರ ಬಾಯಿಂದ ಮೊದಲು ಬರುವ ಮಾತು, ‘ಉಳುಕಿರಬೇಕು, ನೀವಿಸಿಕೊಂಡು ಬನ್ನಿ’. ಉಳುಕು ತೆಗೆಯುವ ಒಬ್ಬರು ಎಲ್ಲಾದರೂ ಹತ್ತಿರದಲ್ಲೇ ಸಿಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಉಂಟು! ಅದಕ್ಕೂ ಬಗ್ಗದಿದ್ದರೆ ‘ಪುತ್ತೂರು ಕಟ್ಟು’. ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ಆಂಧ್ರದಲ್ಲಿ ತಿರುಪತಿ ಬಳಿಯದು.

ದೊಡ್ಡವರ ಬೆನ್ನುನೋವಿಗೆ ಎಣ್ಣೆ ಹಚ್ಚಿ ನೀವಿದರೆ ಹೆಚ್ಚಿನ ನಷ್ಟವೇನೂ ಇಲ್ಲ. ಆದರೆ ಮಗುವಿನ ಮೊಣಕೈ ವಿಷಯ ಬೇರೆ. ಕೈ ಊರಿ ಬಿದ್ದಾಗ ಮಕ್ಕಳಲ್ಲಿ ತೋಳಿನ ಮೂಳೆ ಮೊಣಕೈಗಿಂತ ತುಸು ಮೇಲೆ, ತೆಳ್ಳಗಿರುವ ಜಾಗದಲ್ಲಿ ಮುರಿಯುವುದು ತೀರಾ ಸಾಮಾನ್ಯ. ಕೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ನರಗಳೂ ಅದರ ಮುಂದೆಯೇ ಹಾದುಹೋಗುತ್ತವೆ. ಎಕ್ಸ್‌ರೇ ಇಲ್ಲದೆ ಉಳುಕೋ ಮುರಿತವೋ ಎಂದು ಬೆರಳಿನಿಂದ ಮುಟ್ಟಿ ಖಚಿತವಾಗಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಮುರಿದದ್ದನ್ನು ನೀವಿದರೆ ಮೂಳೆಯ ತುದಿ ಸರಿದು ನಾಳಕ್ಕೆ ಚುಚ್ಚಬಹುದು.

ಇನ್ನೊಂದು ಅಪಾಯ ತಡವಾಗಿ ಕಾಣಿಸಿಕೊಳ್ಳುತ್ತದೆ. ಪೆಟ್ಟು ಬಿದ್ದ ಸ್ನಾಯುವನ್ನು ದಿನದಿನವೂ ತಿಕ್ಕಿದರೆ, ಒಳಗೆ ರಕ್ತ ಹೆಪ್ಪುಗಟ್ಟಿದ ಕಡೆ ಮೂಳೆಯೇ ಬೆಳೆಯಬಹುದು. ವೈದ್ಯರು ಇದನ್ನು ‘ಮಯೊಸೈಟಿಸ್ ಆಸಿಫಿಕನ್ಸ್’ ಎನ್ನುತ್ತಾರೆ. ಹಾಗಾದಾಗ ಮೊಣಕೈ ಮಡಿಸಲು ಬಾರದು, ತುತ್ತು ಬಾಯಿಗೆ ಮುಟ್ಟದು. ಬಿದಿರು ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ ಇನ್ನೂ ಅವಸರದ ಕೇಡು: ರಕ್ತ ಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಮುಂಗೈ ಸ್ನಾಯು ಸಾಯತೊಡಗುತ್ತದೆ, ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿದ. ಕಟ್ಟು ಯಾರೇ ಹಾಕಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಬೆರಳು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ಮಗು ಚೀರಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಹಾಗಾದರೆ ಫಿಸಿಯೋಥೆರಪಿ? ಅದರ ಸರದಿ ಬರುವುದು ಮೂಳೆ ಕೂಡಿದ ಮೇಲೆ. ಮೊಣಕೈ ಮಟ್ಟಿಗಂತೂ ಒಳ್ಳೆಯ ಫಿಸಿಯೋಥೆರಪಿಸ್ಟ್ ಒತ್ತಿ ಬಾಗಿಸಲು ಹೋಗುವುದಿಲ್ಲ. ಮಗುವೇ ಆಡುತ್ತ, ಬಟ್ಟಲು ಎತ್ತುತ್ತ ತಾನಾಗಿ ಬಾಗಿಸಲಿ ಎಂದು ಬಿಡುತ್ತಾರೆ. ‘ಇಷ್ಟು ದುಡ್ಡು ಕೊಟ್ಟರೂ ಕೈಯನ್ನೇ ಮುಟ್ಟಲಿಲ್ಲ’ ಎಂದು ದೂರುವ ತಂದೆತಾಯಿಯರಿದ್ದಾರೆ. ಮುಟ್ಟದಿರುವುದೇ ಅಲ್ಲಿ ಚಿಕಿತ್ಸೆ.

ಅಂದಹಾಗೆ, ಈ ಎರಡೂ ವಿದ್ಯೆಗಳು ಹುಟ್ಟಾ ವೈರಿಗಳಲ್ಲ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಕಟ್ಟಿದ, ತರಬೇತಾದ ಅಂಗಮರ್ದನಕಾರ್ತಿಯರ ಸಂಘವೇ 1944ರಲ್ಲಿ ಫಿಸಿಯೋಥೆರಪಿಯ ಹೆಸರು ಹೊತ್ತದ್ದು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ದಿನವಿಡೀ ನಿಂತು, ಕಡಿದ ಎಳೆಗೆ ಬಾಗಿ ಗಂಟು ಹಾಕುವವರ ನೋವಿಗೆ ಯಾವುದು ಒಳ್ಳೆಯದು? ವಯಸ್ಕರ ಹಳೆಯ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಕ್ರಮಬದ್ಧ ವ್ಯಾಯಾಮಕ್ಕೂ ಮಸಾಜಿಗೂ ಜಾಗವಿದೆ. ಬೇಡವೆಂದಿರುವುದು ಸೊಂಟದ ಬೆಲ್ಟ್, ಎಳೆತದ ಚಿಕಿತ್ಸೆ, ಅಲ್ಟ್ರಾಸೌಂಡ್ ಶಾಖ ಮತ್ತು ಜನ ‘ಕರೆಂಟ್ ಇಡಿಸುವುದು’ ಎನ್ನುವ ಟೆನ್ಸ್ ಯಂತ್ರ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಫಿಸಿಯೋಥೆರಪಿ ಎಂದರೆ ಈ ಯಂತ್ರಗಳೇ! ಹತ್ತು ದಿನ ಮಲಗಿ ಯಂತ್ರ ಇಡಿಸಿಕೊಂಡು, ಒಂದು ವ್ಯಾಯಾಮವನ್ನೂ ಕಲಿಯದೆ ಬಂದರೆ ಊರಿನ ಎಣ್ಣೆ ನೀವಿಕೆಯೇ ವಾಸಿ, ಖರ್ಚಾದರೂ ಉಳಿಯುತ್ತದೆ. ಮಸಾಜಿನ ಸುಖ ಬಹುಕಾಲ ನಿಲ್ಲದು ಎಂಬುದೂ ನಿಜ. ಮತ್ತೆ ಮಗ್ಗದ ಮುಂದೆ ನಿಲ್ಲುವ ಶಕ್ತಿ ಬೆನ್ನಿಗೆ ಬರುವುದು ಮನೆಯಲ್ಲಿ ದಿನವೂ ಮಾಡುವ ವ್ಯಾಯಾಮದಿಂದ.

ಚಿಕಿತ್ಸೆ ಕೊಡುವವರು ಬಿ.ಪಿ.ಟಿ. ಓದಿದವರೇ ಎಂದು ಕೇಳಲು ಸಂಕೋಚ ಬೇಡ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಇದೂ ಒಂದು ದಾರಿ. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ.

ಪರೀಕ್ಷೆಗೆ ಓದುತ್ತ ಕೂತು ಬೆನ್ನು ಹಿಡಿದುಕೊಂಡ ಮಕ್ಕಳಿಗೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು, ಸಂಜೆ ಆಟ, ಅಜ್ಜಿಯ ಕೈಯಿಂದ ಎಣ್ಣೆ ನೀರು ಬಹುಪಾಲು ಸಾಕು. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಜೊತೆಗಿದ್ದರೆ, ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಹೋಗಬೇಕಾದದ್ದು ಡಾಕ್ಟರ ಬಳಿಗೆ, ಅದೇ ದಿನ.