ಸೊನ್ನೆಯಲ್ಲ, ಅದು ಐದು!

ಈಜಿಪ್ಟ್ ಸೇನೆಗೆ ಬೇಡವಾಗಿ ಮಾರಾಟವಾದ ಹಳೆಯ ರೈಫಲ್‌ಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಅಮೆರಿಕದಲ್ಲಿದ್ದಾರೆ. ಮಕ್ಕಳೇ, ಬಂದೂಕು ನಮಗೆ ಬೇಡ. (ಪರವಾನಗಿಯಿಲ್ಲದೆ ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ.) ಆದರೆ ಅವರ ಪತ್ತೇದಾರಿಕೆ ಸ್ವಾರಸ್ಯವಾಗಿದೆ.

ಮೊದಲ ತೊಡಕು ಅಂಕಿಗಳದು. ಈಜಿಪ್ಟಿನ ಐದು, ಕನ್ನಡದ ಸೊನ್ನೆಯಂತೆ ದುಂಡಗೆ. ಅವರ ಸೊನ್ನೆಯೋ ಬರೀ ಚುಕ್ಕೆ! ಆರು, ಇಂಗ್ಲಿಷಿನ ಏಳನ್ನು ಹೋಲುತ್ತದೆ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದರೂ ಸಂಖ್ಯೆಯಲ್ಲಿ ದೊಡ್ಡ ಸ್ಥಾನ ನಮ್ಮಂತೆಯೇ ಎಡಗಡೆಗೆ. ಅರಬ್ಬರು ಇವನ್ನು ಕರೆಯುವುದು ಏನೆಂದು? ಭಾರತದ ಅಂಕಿಗಳು ಎಂದೇ!

ಈ ಓದು ತಪ್ಪಿದರೆ ಅಪಾಯ. ಬೋಲ್ಟಿನ ಸಂಖ್ಯೆಯೂ ರೈಫಲಿನ ಸಂಖ್ಯೆಯೂ ಒಂದೇ ಇರಬೇಕು. ಬೇರೊಂದರ ಬೋಲ್ಟ್ ಸರಿಯಾಗಿ ಕೂರದಿದ್ದರೆ ತೋಟಾದ ಕವಚ ಸೀಳಿ, ಬಿಸಿ ಅನಿಲ ಮುಖಕ್ಕೇ ಹೊಡೆದೀತು.

ಇನ್ನು ಮುದ್ರೆ. ಬೆಲ್ಜಿಯಂನಿಂದ ತರಿಸಿದ ಎಫ್‌ಎನ್-49ರ ಮೇಲೆ ದೊರೆ ಫಾರೂಕನ ಕಿರೀಟವಿದ್ದರೆ ಅದು ಅರಸೊತ್ತಿಗೆಯ ಕಾಲದ್ದು. 1952ರಲ್ಲಿ ಆತ ಪದಚ್ಯುತನಾದ. ಆಮೇಲೆ ಈಜಿಪ್ಟಿನಲ್ಲೇ ತಯಾರಾದದ್ದು ಹಕೀಮ್, ಸ್ವೀಡನ್ನಿನ ಯುಂಗ್‌ಮನ್ ರೈಫಲಿನ ಮಾದರಿ. ಮದ್ದು ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಬಂದು ಬೋಲ್ಟಿನ ವಾಹಕವನ್ನು ತಳ್ಳುತ್ತದೆ. ಖಾಲಿ ತೋಟಾ ಹೊರಕ್ಕೆ, ಹೊಸದು ಒಳಕ್ಕೆ. ಹಕೀಮಿನಲ್ಲಿ ಅನಿಲದ ಪ್ರಮಾಣ ಹೆಚ್ಚುಕಡಿಮೆ ಮಾಡಲು ತಿರುಪೂ ಉಂಟು, ಅಡುಗೆ ಒಲೆಯಲ್ಲಿದ್ದಂತೆ. ಇದರ ತಮ್ಮನಂತಿರುವ ರಶೀದ್‌ನ ತೋಟಾ ಚಿಕ್ಕದು, 7.62 ಮಿ.ಮೀ.; ಹಕೀಮಿನದು 7.92. ಒಂದರದು ಇನ್ನೊಂದಕ್ಕೆ ಸಲ್ಲದು.

ಅಂಚೆಚೀಟಿ ಕೂಡಿಡುವವರು ಈಜಿಪ್ಟಿನದೊಂದನ್ನು ಹುಡುಕಿ, ಬೆಲೆ ಓದಿ ನೋಡಿ.