ಪದವಿಯನ್ನು ವರ್ಷದ ಲೆಕ್ಕದಲ್ಲಿ ಅಳೆಯುವುದೆಂದರೆ

ಕೊಯಮತ್ತೂರಿನ ಆರ್ಥರ್ ಹೋಪ್ ಎಂಜಿನಿಯರಿಂಗ್ ಕಾಲೇಜು 1945ರಲ್ಲಿ ಶುರುವಾದಾಗ ಅದರ ಬೆನ್ನಿಗಿದ್ದ ಉದ್ಯಮಿ ಜಿ.ಡಿ. ನಾಯ್ಡು ಒಂದು ತಕರಾರು ತೆಗೆದರು: ನಾಲ್ಕು ವರ್ಷ ಯಾಕೆ, ಎರಡು ಸಾಲದೇ? ಸರ್ಕಾರ ಒಪ್ಪಲಿಲ್ಲ, ನಾಯ್ಡು ಹೊರಬಂದರು. ಅದೇ ಕಾಲೇಜು ಇಂದು ಸರ್ಕಾರಿ ತಂತ್ರಜ್ಞಾನ ಕಾಲೇಜಾಗಿದೆ, ಬಿ.ಇ. ಓದು ಈಗಲೂ ನಾಲ್ಕು ವರ್ಷದ್ದೇ. ಎರಡೇ ವರ್ಷ ಎಂದದ್ದು ನಾಯ್ಡು ಅವರ ಅವಸರ ಇದ್ದೀತು. ಆದರೆ ಪದವಿಯ ತೂಕ ಇರುವುದು ಕಲಿತದ್ದರಲ್ಲೋ ಕಳೆದ ವರ್ಷಗಳಲ್ಲೋ ಎಂಬ ಅವರ ಪ್ರಶ್ನೆ ಅವಸರದ್ದಲ್ಲ. ಹೆಚ್ಚಿನ ಓದಿಗೆ ಜರ್ಮನಿಗೆ ಹೊರಟ ಕೊಯಮತ್ತೂರು, ತಿರುಪ್ಪೂರಿನ ಹುಡುಗ ಹುಡುಗಿಯರ ಮುಂದೆ ಅದು ಇಂದಿಗೂ ನಿಂತಿದೆ.

ಯೂರೋಪು ಇದನ್ನು ತನ್ನ ಮನೆಯೊಳಗೇ ಎದುರಿಸಬೇಕಾಯಿತು. ಜರ್ಮನಿಯ ಹಳೆಯ ಡಿಪ್ಲೋಮ್ ಒಂದೇ ಉದ್ದನೆಯ ಓದು. ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಒಂಬತ್ತು ಹತ್ತು ಸೆಮಿಸ್ಟರ್, ಕೊನೆಗೊಂದು ಪ್ರಬಂಧ. ನಡುವೆ ಬಿಟ್ಟವರ ಕೈಗೆ ಪದವಿ ಸಿಗುತ್ತಿರಲಿಲ್ಲ. 1999ರಲ್ಲಿ 29 ದೇಶಗಳು ಬೊಲೊನ್ಯಾ ಘೋಷಣೆಗೆ ಸಹಿ ಹಾಕಿದ ಮೇಲೆ ಈ ಓದು ಬಹುತೇಕ ಕಡೆ ಬ್ಯಾಚುಲರ್, ಮಾಸ್ಟರ್ ಎಂದು ಎರಡು ತುಂಡಾಯಿತು. ಹಾಗೆಂದು ಹಳಬರ ಪದವಿ ಕೆಳಗಿಳಿಯಲಿಲ್ಲ. ವಿಶ್ವವಿದ್ಯಾಲಯದ ಡಿಪ್ಲೋಮನ್ನು ಮಾಸ್ಟರ್ ಮಟ್ಟದ್ದೆಂದೇ ಎಣಿಸುತ್ತಾರೆ. ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯವಂತೂ ಕೆಲವು ವಿಭಾಗಗಳಲ್ಲಿ ಹಟ ಹಿಡಿದು ಇನ್ನೂ ಡಿಪ್ಲೋಮನ್ನೇ ಕೊಡುತ್ತಿದೆ. ಇದೆಲ್ಲ ಸುಸೂತ್ರವಾಗಲು ಹೆಸರು ಬದಲಾದದ್ದಷ್ಟೇ ಕಾರಣವಲ್ಲ. ಓದಿನ ಮಟ್ಟ ಯಾವುದು, ಏನೇನು ಕಲಿಸಿದರು, ಅಂಕ ಕೊಡುವ ಪದ್ಧತಿ ಹೇಗೆ ಎಂದು ವಿವರಿಸುವ ಡಿಪ್ಲೊಮಾ ಸಪ್ಲಿಮೆಂಟ್ ಎಂಬ ಕಾಗದವನ್ನು ಅಲ್ಲಿ ಪದವಿಯ ಜೊತೆಗೇ ಕೊಡುವ ರೂಢಿ ಬಂತು.

ನಮ್ಮ ಅಂಕಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಪೇಪರಿನ ಕೋಡು, ಹೆಸರು, ಕ್ರೆಡಿಟ್, ಒಂದು ಅಕ್ಷರದ ಗ್ರೇಡು, ಅಲ್ಲಿಗೆ ಮುಗಿಯಿತು. ತಿರುಪ್ಪೂರಿನ ವಿದ್ಯಾರ್ಥಿನಿ ಹೆಣಿಗೆ ಯಂತ್ರದ ಮುಂದೆ ನಿಂತು ಕಲಿತದ್ದೂ ಡೈಯಿಂಗ್ ಘಟಕದಲ್ಲಿ ತರಬೇತಿ ಪಡೆದದ್ದೂ ಅದರಲ್ಲಿ ಕಾಣುವುದಿಲ್ಲ. ಅಂಕಪಟ್ಟಿ ಓದುವವನಿಗೆ ಬೇರೆ ಆಧಾರವಿಲ್ಲದಾಗ ಅವನು ವರ್ಷ ಎಣಿಸುತ್ತಾನೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೂರು ವರ್ಷದ್ದು, ಜರ್ಮನಿಯ ಅನೇಕ ಬ್ಯಾಚುಲರ್ ಪದವಿಗಳೂ ಮೂರೇ ವರ್ಷದವು. ಆದರೂ ವರ್ಷ ಸಮವಿದ್ದ ಮಾತ್ರಕ್ಕೆ ಎರಡೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಸಾವಿರಾರು ಅರ್ಜಿ ನೋಡುವ ಗುಮಾಸ್ತ ಪ್ರತಿ ಪಠ್ಯಕ್ರಮ ಓದಲಾದೀತೇ, ವರ್ಷದ ಲೆಕ್ಕದಲ್ಲಿ ಕನಿಷ್ಠ ಮೋಸವಿಲ್ಲವಲ್ಲ ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕಾಗದ ಅಸಲಿಯೇ ಎಂದು ನೋಡಲು ಬೇರೆ ವ್ಯವಸ್ಥೆಯಿದೆ: 2022ರ ನವೆಂಬರಿನಿಂದ ಜರ್ಮನಿಯ ವಿದ್ಯಾರ್ಥಿ ವೀಸಾ ಕೇಳುವ ಭಾರತೀಯರಿಗೆ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಸಾಮಾನ್ಯವಾಗಿ ಕಡ್ಡಾಯ. ಅಸಲಿತನದ ಪರೀಕ್ಷೆ ಒಂದು, ಕಲಿಕೆಯ ವಿವರ ಇನ್ನೊಂದು. ವರ್ಷ ಎಣಿಸುವ ಈ ಚಟಕ್ಕೆ ನಾವೂ ಹೊರತಲ್ಲ. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ ಪದವಿಗೆ ಮಾನ್ಯತೆ ಕೊಡಲು ನಮ್ಮ ಸರ್ಕಾರ 2022ರ ಜುಲೈ ಒಪ್ಪಂದದವರೆಗೆ ಕಾಯಿಸಿತು. ಕಲಿಕೆಯ ವಿವರ ಕೊಡುವುದೂ ಕಷ್ಟವಲ್ಲ, ಪಠ್ಯಕ್ರಮವಂತೂ ವಿಶ್ವವಿದ್ಯಾಲಯಗಳ ನಿಯಮ ಪುಸ್ತಕದಲ್ಲಿ ಅಚ್ಚಾಗಿಯೇ ಇದೆ. ಅದರಿಂದ ನಾಲ್ಕು ಪುಟ ಸಾರ ತೆಗೆದು ಪದವಿಪತ್ರದ ಜೊತೆ ಕೊಡುವ ಕೆಲಸವನ್ನು ಕೊಯಮತ್ತೂರಿನ ಸ್ವಾಯತ್ತ ಕಾಲೇಜುಗಳು ಮುಂದಿನ ಘಟಿಕೋತ್ಸವದಿಂದಲೇ ಶುರುಮಾಡಬಹುದು. ನಮ್ಮ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ.